ಹುಡುಗಿಯ ಉರಿಮೂತ್ರ: ನಾಚಿಕೆ ಬೇಡ, ಚಿಕಿತ್ಸೆ ಬೇಕು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮಹಿಳಾ ಸಂಘಗಳ ಸದಸ್ಯೆಯರಿಗಾಗಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಸಾಲ, ಉಳಿತಾಯ, ವರದಕ್ಷಿಣೆ, ಹೊಡೆತ ಬಡಿತ ಎಲ್ಲವನ್ನೂ ಮಾತಾಡುತ್ತೇವೆ. ಆದರೆ ಆರು ವರ್ಷದ ಮಗಳು "ಅವ್ವಾ, ಒಂದಕ್ಕೆ ಹೋದ್ರೆ ಉರೀತೈತಿ" ಎಂದು ಅತ್ತರೆ, "ಸುಮ್ನಿರು, ಯಾರಾದ್ರೂ ಕೇಳ್ಯಾರು" ಎನ್ನುತ್ತೇವೆ. ನೋವಾದರೂ ಬಾಯಿ ಮುಚ್ಚಿಕೊಂಡಿರು ಎಂಬ ಪಾಠ ಹೆಣ್ಣಿಗೆ ಶುರುವಾಗುವುದು ಇಲ್ಲಿಂದಲೇ.

ಇದನ್ನು ನಾವು 'ಉಷ್ಣ' ಎನ್ನುತ್ತೇವೆ. ಜೀರಿಗೆ ನೀರು ಕುಡಿಸುತ್ತೇವೆ, ಹೊಕ್ಕುಳಿಗೆ ಹರಳೆಣ್ಣೆ ಹಚ್ಚುತ್ತೇವೆ. ನೀರು ಕುಡಿಸುವುದು ಒಳ್ಳೆಯದೇ. ಆದರೆ ಬಹಳ ಸಲ ಇದು ಸೋಂಕು. ಕರುಳಿನಲ್ಲಿರುವ ಇ. ಕೊಲೈ ಎಂಬ ರೋಗಾಣು ಮೂತ್ರದ ದಾರಿಯಿಂದ ಮೂತ್ರಚೀಲ ಸೇರುತ್ತದೆ. ಹುಡುಗಿಯರಲ್ಲಿ ಈ ದಾರಿ ಗಿಡ್ಡ, ಮಲದ್ವಾರಕ್ಕೆ ಹತ್ತಿರ. ಅದಕ್ಕೇ ಅವರಿಗೆ ಹೆಚ್ಚು. ಇದರಲ್ಲಿ ಮಗುವಿನ ತಪ್ಪಿಲ್ಲ, ನಡತೆಯ ದೋಷವೂ ಇಲ್ಲ.

ಅಪಾಯ ಹೆಚ್ಚಿಸುವುದು ಯಾವುದು? ಮೊದಲನೆಯದು, ತಡೆದುಕೊಳ್ಳುವುದು. ಶಾಲೆಯ ಪಾಯಖಾನೆಗೆ ಬೀಗವಿದ್ದರೆ, ನೀರಿಲ್ಲದಿದ್ದರೆ, ಹುಡುಗಿ ಸಂಜೆವರೆಗೆ ತಡೆಯುತ್ತಾಳೆ. ಬಳ್ಳಾರಿ ಜಾಲಿಯ ಮರೆಯೇ ಗತಿಯಾದರೆ ಕತ್ತಲಾಗಲೆಂದು ಕಾಯುತ್ತಾಳೆ. ಮೈಲಾರದ ಜಾತ್ರೆಗೆ, ಕೊಟ್ಟೂರಿನ ತೇರಿಗೆ ಹೋದ ದಿನ ನಮ್ಮ ಪಾಡೂ ಇದೇ ಅಲ್ಲವೇ? ಎರಡನೆಯದು, ಹೋಗಬೇಕಾದೀತೆಂದು ನೀರನ್ನೇ ಕುಡಿಯದಿರುವುದು. ನಮ್ಮ ಸೀಮೆಯ ಬಿಸಿಲಿಗೆ ಇದು ಇನ್ನೂ ಕೇಡು. ಮೂರನೆಯದು ಮಲಬದ್ಧತೆ. ಗಟ್ಟಿ ಮಲ ಮೂತ್ರಚೀಲವನ್ನು ಒತ್ತಿ, ಅದು ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ. ನಾಲ್ಕನೆಯದು, ಹಿಂದಿನಿಂದ ಮುಂದಕ್ಕೆ ತೊಳೆಯುವುದು. ಮುಂದಿನಿಂದ ಹಿಂದಕ್ಕೆ ತೊಳೆಯಲು ಮಗಳಿಗೆ ಕಲಿಸಿ. ಕೆಲವು ಮಕ್ಕಳಲ್ಲಿ ಮೂತ್ರ ಕಿಡ್ನಿಯ ಕಡೆಗೆ ತಿರುಗಿ ಹರಿಯುವ ತೊಂದರೆ ಹುಟ್ಟಿನಿಂದಲೇ ಇರುತ್ತದೆ. ಅಂಥವರಿಗೆ ಸೋಂಕು ಮತ್ತೆ ಮತ್ತೆ ಬರಬಹುದು.

ನೆಗಡಿ ಕೆಮ್ಮಿಲ್ಲದೆ ಜ್ವರ, ವಾಂತಿ, ಕಿಬ್ಬೊಟ್ಟೆ ನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು, ಇವು ಸೂಚನೆಗಳು. ಕೂಸಿಗೆ ಬರೀ ಜ್ವರವಷ್ಟೇ ಇರಬಹುದು. ತಡಮಾಡದೆ ಸರ್ಕಾರಿ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ಉರಿ ಕಡಿಮೆಯಾಯಿತೆಂದು ಗುಳಿಗೆ ನಿಲ್ಲಿಸಬೇಡಿ, ಡಾಕ್ಟರು ಹೇಳಿದಷ್ಟು ದಿನ ಕೊಡಿ. ಬಿಟ್ಟರೆ ಸೋಂಕು ಕಿಡ್ನಿಗೆ ಏರಿ ಕಲೆ ಉಳಿಯಬಹುದು, ಮುಂದೆ ರಕ್ತದೊತ್ತಡಕ್ಕೂ ದಾರಿಯಾಗಬಹುದು. ಗಾಯ, ರಕ್ತ, ಯಾರನ್ನೋ ಕಂಡರೆ ಹೆದರಿಕೆ ಇದ್ದರೆ ಮಗಳನ್ನು ಗದರಿಸಬೇಡಿ, ಅವಳ ಮಾತು ನಂಬಿ. ಮಕ್ಕಳ ಸಹಾಯವಾಣಿ 1098 ಇದೆ.

ಇನ್ನೊಂದು ಮಾತು. ಹದಿನಾರಕ್ಕೇ ಮದುವೆಯಾದ ಹುಡುಗಿಗೆ ಸಂಸಾರ ಶುರುವಾದ ಮೇಲೆ ಈ ಸೋಂಕು ಬೇಗ ತಗಲುತ್ತದೆ. ಆಗ "ರೋಗದ ಹೆಣ್ಣು ಕಟ್ಟಿದಿರಿ, ಔಷಧದ ರೊಕ್ಕ ತವರಿಂದ ತಾ" ಎನ್ನುವವರಿದ್ದಾರೆ. ರೋಗದ ಹೆಸರಲ್ಲಿ ತವರಿನ ಹಣಕ್ಕೆ ಪೀಡಿಸುವುದೂ ಕಿರುಕುಳವೇ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಂದ ತಿದ್ದುಪಡಿಯಂತೆ ಹದಿನೆಂಟು ತುಂಬದ ಹುಡುಗಿಯ ಮದುವೆ ಮದುವೆಯೇ ಅಲ್ಲ.

ಮುಂದಿನ ವಾರದ ಸಭೆಗೆ ಮೊದಲು ನಾಲ್ಕು ಜನ ನಿಮ್ಮೂರ ಶಾಲೆಗೆ ಹೋಗಿ ಬನ್ನಿ. ಹುಡುಗಿಯರ ಪಾಯಖಾನೆಯ ಬಾಗಿಲು, ಚಿಲಕ, ನೀರು ನೋಡಿ. ಇಲ್ಲದಿದ್ದರೆ ಎಸ್‌ಡಿಎಂಸಿಯಲ್ಲಿ ಕೇಳಿ, ಪಂಚಾಯ್ತಿಯಲ್ಲಿ ಕೇಳಿ. ಸಾಲದ ಕಂತು ಕೇಳಲು ನಾಚದ ನಾವು ಇದನ್ನು ಕೇಳಲು ಏಕೆ ನಾಚಬೇಕು?