ನಡುಪಟ್ಟಿಯ ಕಾಯಕ

(ಶ್ರೀಮಠದ ಮಹೋತ್ಸವದ ಪ್ರಸಂಗದಲ್ಲಿ ಕಮಠಾಣದಲ್ಲಿ ಮಾಡಿದ ಉಪನ್ಯಾಸ)

 

ಕಾಯಕತತ್ತ್ವವನ್ನು ಕುರಿತು ಇಂತಹ ಸಭೆಗಳಲ್ಲಿ ಅನೇಕ ಉಪನ್ಯಾಸಗಳು ಆಗುತ್ತಲಿವೆ. ತತ್ತ್ವವನ್ನು ಬಲ್ಲವರು ಅದನ್ನು ಹೇಳಲಿ. ನಾನಾದರೋ ಈ ಹೊತ್ತು ಒಂದು ಸಣ್ಣ ವಸ್ತುವು ಹೇಗೆ ಆಗುತ್ತದೆಂಬುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ. ಅದು ಕೈಯಿಂದ ಹೊಲಿದ ಚರ್ಮದ ನಡುಪಟ್ಟಿ. ಇಂದಿನವರು ಬೆಲ್ಟು ಎನ್ನುವರು, ಹಿರಿಯರು ಕಮರಪಟ್ಟಾ ಎನ್ನುತ್ತಿದ್ದರು. ಮಠದ ಉತ್ಸವದಲ್ಲಿ ಬೆಲ್ಟಿನ ಮಾತೇಕೆಂದು ಯಾರಾದರೂ ಕೇಳಿದರೆ ನನ್ನ ಉತ್ತರವಿಷ್ಟೆ: ಬಸವಕಲ್ಯಾಣವು ನಮ್ಮ ಬೀದರ ಜಿಲ್ಲೆಯಲ್ಲಿಯೇ ಇದೆ. ಹರಳಯ್ಯನವರ ನೆಲದಲ್ಲಿ ಚರ್ಮದ ಮಾತನ್ನು ಆಡಬಾರದೆಂದರೆ ಮತ್ತೆಲ್ಲಿ ಆಡಬೇಕು?

ನಮ್ಮದು ದೇವಣಿ ದನಗಳ ಸೀಮೆ. ಹಿಂದಿನ ಒಕ್ಕಲುತನವು ಚರ್ಮವಿಲ್ಲದೆ ಒಂದು ದಿನವೂ ನಡೆಯುತ್ತಿರಲಿಲ್ಲ. ಬಾವಿಯಿಂದ ನೀರೆತ್ತುವ ಮೊಟ್ಟೆ, ನೊಗದ ಮಿಣಿ, ಬಾರಕೋಲಿನ ಬಾರು, ಎತ್ತಿನ ಕೊರಳ ಗಂಟೆಪಟ್ಟಿ, ಒಕ್ಕಲಿಗನ ಕಾಲ ಕೆರ, ಇವೆಲ್ಲವೂ ಊರಿನಲ್ಲಿ ತಾನಾಗಿ ಸತ್ತ ದನದ ತೊಗಲಿನಿಂದಲೇ ಆಗುತ್ತಿದ್ದವು. ಎತ್ತು ಸತ್ತ ಮೇಲೂ ಒಕ್ಕಲಿಗನ ಸೇವೆ ಮಾಡುತ್ತಿತ್ತು. ಆ ಸೇವೆಯನ್ನು ಅದರಿಂದ ಮಾಡಿಸಿದವರು ಢೋರರು ಮತ್ತು ಸಮಗಾರರು. ಪಂಪು ಬಂದು ಮೊಟ್ಟೆ ಹೋಯಿತು. ನೈಲಾನು ಹಗ್ಗ ಬಂದು ಮಿಣಿ ಹೋಯಿತು. ಟ್ರ್ಯಾಕ್ಟರು ಬಂದು ಬಾರಕೋಲೂ ಗಂಟೆಪಟ್ಟಿಯೂ ಮೂಲೆ ಸೇರಿದವು. ಚರ್ಮದ ಕೈಗೆಲಸದವನಿಗೆ ಇಂದು ಉಳಿದಿರುವ ಕೆಲವೇ ಸರಕುಗಳಲ್ಲಿ ನಡುಪಟ್ಟಿಯೂ ಒಂದು.

ಇದರ ಕೆಲಸವು ಹೊಲಿಯುವುದರಿಂದಲ್ಲ, ಹದ ಮಾಡುವುದರಿಂದ ಮೊದಲಾಗುತ್ತದೆ. ತೊಗಲನ್ನು ತೊಳೆದು ಸುಣ್ಣದ ನೀರಿನಲ್ಲಿ ನೆನೆಯಿಟ್ಟು, ಕೂದಲನ್ನೂ ಒಳಗಿನ ಮಾಂಸದ ಪದರವನ್ನೂ ಹೆರೆದು ತೆಗೆಯಬೇಕು. ಆ ಮೇಲೆ ಜಾಲಿಯ ತೊಗಟೆ, ತಂಗಡಿಯ ತೊಗಟೆ, ಅಳಲೆಕಾಯಿ ಮೊದಲಾದವುಗಳ ಒಗರು ನೀರನ್ನು ಅದಕ್ಕೆ ಕುಡಿಸಬೇಕು. ಅಥಣಿಯ ಕಡೆಯ ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲವಾಗಿ ಹೊಲಿದು, ತೊಗಟೆಯನ್ನೂ ನೀರನ್ನೂ ಅದರೊಳಗೆ ತುಂಬಿ ತೂಗುಬಿಡುತ್ತಿದ್ದರು. ಅಡಿಕೆಯನ್ನು ಅಗಿದಾಗ ಬಾಯಿಯನ್ನು ಬಿಗಿಯುವ ಒಗರು ಯಾವುದೋ, ತೊಗಲನ್ನು ಕೊಳೆಯಗೊಡದೆ ಚರ್ಮವನ್ನಾಗಿಸುವ ಒಗರೂ ಅದೇ ಜಾತಿಯದು. ಇದಕ್ಕೆ ವಾರಗಟ್ಟಲೆ ಕಾಲ ಬೇಕು. ಕ್ರೋಮಿಯಮ್ಮಿನ ಲವಣದಿಂದ ಬೇಗನೆ ಹದ ಮಾಡುವ ವಿಧಾನವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೇರಿಕದಲ್ಲಿ ರೂಢಿಗೆ ಬಂದು, ಇಪ್ಪತ್ತನೆಯ ಶತಮಾನದ ಮೊದಲಿಗೆ ಆಲ್‌ಫ್ರೆಡ್ ಚ್ಯಾಟರ್ಟನ್ ಎಂಬವರ ಪ್ರಯತ್ನದಿಂದ ಮದರಾಸಿಗೂ ಬಂದಿತು. ಆ ಚರ್ಮವು ಮೆತ್ತಗೆ ಬಾಗುವುದು, ಹಿಗ್ಗುವುದು. ನಡುಪಟ್ಟಿಗಾದರೋ ತೊಗಟೆಯಿಂದ ಹದವಾದ ಬಿಗಿಯಾದ ಚರ್ಮವೇ ಒಳ್ಳೆಯದು.

ಚರ್ಮದಲ್ಲಿಯೂ ಎಲ್ಲಾ ಭಾಗವು ಸಮನಲ್ಲ. ಹೊಟ್ಟೆಯ ಭಾಗವು ಸಡಿಲು, ಬೇಗ ಹಿಗ್ಗುವುದು. ಬೆನ್ನಿನ ಭಾಗವು ಬಿಗಿ. ಆದುದರಿಂದ ಬೆನ್ನೆಲುಬಿನ ಗುಂಟ ಉದ್ದಕ್ಕೆ, ಒಂದೂಕಾಲು ಇಲ್ಲವೆ ಒಂದೂವರೆ ಅಂಗುಲ ಅಗಲದ ಪಟ್ಟಿಯನ್ನು ರಂಪಿಗೆಯಿಂದ ಒಂದೇ ಎಳೆತಕ್ಕೆ ಕೊಯ್ಯಬೇಕು. ಕೊಂಡಿಯ ಮಡಿಕೆಯಿಂದ ನಡುವಿನ ತೂತಿನವರೆಗೆ ಸೊಂಟದ ಅಳತೆ. ಆ ತೂತಿಗೆ ಆಚೆ ಎರಡು, ಈಚೆ ಎರಡು, ಅಂಗುಲಕ್ಕೊಂದರಂತೆ ಒಟ್ಟು ಐದು ತೂತು. ಮನುಷ್ಯನು ಸೊರಗಿದರೂ ಉಬ್ಬಿದರೂ ಪಟ್ಟಿಯು ಹೊಂದಿಕೊಳ್ಳಲೆಂದು ಈ ಏರ್ಪಾಡು. ಹಿತ್ತಾಳೆಯ ಕೊಂಡಿಯನ್ನು ಹಿಡಿಯುವ ತುದಿಯನ್ನು ಒಳಗಡೆ ತೆಳ್ಳಗೆ ಹೆರೆದು ಮಡಿಸಬೇಕು. ಇಲ್ಲದಿದ್ದರೆ ಆ ಸ್ಥಳವು ದಪ್ಪವಾಗಿ ಹೊಟ್ಟೆಗೆ ಒತ್ತುವುದು. ಅಂಚುಗಳನ್ನು ಸವರಿ, ನೀರು ಮುಟ್ಟಿಸಿ, ನುಣುಪಾದ ಮರದಿಂದ ಹೊಳಪು ಬರುವ ತನಕ ಉಜ್ಜಬೇಕು.

ಇನ್ನು ಹೊಲಿಗೆ. ನೂಲಿಗೆ ಜೇನುಮೇಣವನ್ನು ತಿಕ್ಕಿ, ಅದರ ಎರಡು ತುದಿಗೂ ಒಂದೊಂದು ಮೊಂಡುಸೂಜಿಯನ್ನು ಪೋಣಿಸುವರು. ಉಳಿಯಿಂದ ತೂತು ಮಾಡಿ, ಒಂದೇ ತೂತಿನಲ್ಲಿ ಎರಡೂ ಸೂಜಿಗಳನ್ನು ಎದುರುಬದುರಾಗಿ ದಾಟಿಸಿ ಎರಡೂ ಕೈಯಿಂದ ಸಮನಾಗಿ ಎಳೆಯುವರು. ಉಳಿಯು ಪ್ರತಿ ಸಲವೂ ಒಂದೇ ಓರೆಯಲ್ಲಿ ಇಳಿಯಬೇಕು. ಕೈ ಹೊರಳಿದರೆ ಹಿಂಬದಿಯ ಸಾಲು ಹಾವಿನ ಹರಿದಾಟವಾಗುವುದು. ಯಂತ್ರದ ಹೊಲಿಗೆಯಲ್ಲಿ ಮೇಲಿನದೊಂದು, ಕೆಳಗಿನದೊಂದು ನೂಲು ಚರ್ಮದ ನಡುವೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಒಂದು ಹರಿದರೆ ನೆರೆಯವೂ ಸಡಿಲಾಗುತ್ತ ಹೋಗುತ್ತವೆ. ಕೈಹೊಲಿಗೆಯಲ್ಲಿ ಒಂದೆಡೆ ಹರಿದರೂ ಇನ್ನೊಂದು ಎಳೆಯು ಹಿಡಿದೇ ಇರುತ್ತದೆ.

ಲೆಕ್ಕವನ್ನೂ ನೋಡೋಣ. 40 ಅಂಗುಲದ ಪಟ್ಟಿಯ ಎರಡೂ ಅಂಚನ್ನು ಹೊಲಿದರೆ 80 ಅಂಗುಲವಾಯಿತು. ಅಂಗುಲಕ್ಕೆ 7 ಹೊಲಿಗೆಯಂತೆ 560 ತೂತು. ಸೂಜಿ ದಾಟುವುದು 1,120 ಸಲ. ತೂತಿಗೆ ಅರ್ಧ ನಿಮಿಷವೆಂದರೂ ಬರಿಯ ಹೊಲಿಗೆಗೇ 4 ಗಂಟೆ 40 ನಿಮಿಷ. ಕೊಯ್ಯುವುದು, ಹೆರೆಯುವುದು, ಉಜ್ಜುವುದು, ಬಣ್ಣ, ಎಣ್ಣೆ ಇವೆಲ್ಲ ಬೇರೆ. ಒಂದು ಪಟ್ಟಿ ಎಂದರೆ ಒಬ್ಬನ ಒಂದು ದಿನದ ಬಾಳು.

ಆದರೆ ಪೇಟೆಯಲ್ಲಿ ಈ ದಿನದ ಬೆಲೆ ಏನು? ಚರ್ಮದ ಚೂರುಗಳನ್ನು ಪುಡಿಮಾಡಿ ಅಂಟಿನಿಂದ ಹಲಗೆಯಾಗಿಸಿ, ಮೇಲೆ ಬಣ್ಣದ ಪೊರೆಯನ್ನು ಹಚ್ಚಿದ ಪಟ್ಟಿಗಳೂ ಚರ್ಮವೆಂಬ ಹೆಸರಿನಿಂದಲೇ ಮಾರುತ್ತಿವೆ. ಅವು ಬೇಗನೆ ಬಿರಿಯುತ್ತವೆ. ಕೊಳ್ಳುವವನು ಅದರ ದರವನ್ನು ತೋರಿಸಿ ಸಮಗಾರನೊಡನೆ ಚೌಕಾಸಿ ಮಾಡುತ್ತಾನೆ. ಕೊಯ್ದ ಅಂಚನ್ನು ನೋಡಿದರೆ ನಿಜವು ತಿಳಿಯುವುದು: ಅಪ್ಪಟ ಚರ್ಮದಲ್ಲಿ ಹೆಣೆದುಕೊಂಡ ನಾರು ಕಾಣುವುದು. ಚರ್ಮೋದ್ಯೋಗಕ್ಕಾಗಿ ರಾಜ್ಯ ಸರ್ಕಾರದ ಲಿಡ್ಕರ್ ನಿಗಮವು 1976ರಲ್ಲಿ ಹುಟ್ಟಿತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಇವು ಒಳ್ಳೆಯ ಕಾರ್ಯಗಳು. ಆದರೂ ಕೊಳ್ಳುವವನ ಮನಸ್ಸು ತಿರುಗದೆ ಮಾಡುವವನ ಮನೆ ನಡೆಯದು.

ಶರಣ ಬಂಧುಗಳೇ, ಮಾದಾರ ಚೆನ್ನಯ್ಯನವರ ವಚನಗಳ ಅಂಕಿತವನ್ನು ನೆನೆಯಿರಿ. ಅದರೊಳಗೆ ಕೈಯುಳಿಯಿದೆ, ಕತ್ತಿಯಿದೆ, ಅಡಿಗೂಂಟವಿದೆ. ಚರ್ಮದ ಕೆಲಸದ ಸಲಕರಣೆಗಳನ್ನು ದೇವರ ಹೆಸರಿನ ಮಗ್ಗುಲಲ್ಲಿಯೇ ಇಡುವುದಕ್ಕೆ ಆ ಮಹಾತ್ಮರು ನಾಚಲಿಲ್ಲ. ತಾವು ಆ ಚೆನ್ನಯ್ಯನವರ ಮನೆಯ ಮಗನೆಂದು ಬಸವಣ್ಣನವರು ಹೇಳಿಕೊಂಡರು. ಡೋಹರ ಕಕ್ಕಯ್ಯನವರು ತೊಗಲು ಹದ ಮಾಡುವ ಕುಲದಿಂದ ಬಂದವರು. ಹರಳಯ್ಯನವರ ಶರಣಾರ್ಥಿಗೆ ಬಸವಣ್ಣನವರು ಎರಡು ಸಲ ಶರಣೆಂದರೆಂದೂ, ಆ ಋಣವನ್ನು ತೀರಿಸಲು ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆಯನ್ನು ಮಾಡಿದರೆಂದೂ ನಮ್ಮ ಪರಂಪರೆಯು ಹೇಳುತ್ತದೆ. ಅವರ ಮಗನಿಗೆ ಬ್ರಾಹ್ಮಣಕುಲದ ಮಧುವರಸರ ಮಗಳನ್ನು ತಂದುಕೊಂಡುದಕ್ಕಾಗಿ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆ ಬೀಗರಿಬ್ಬರೂ ಪ್ರಾಣವನ್ನೇ ತೆತ್ತರು.

ಈ ಕಥೆಯನ್ನು ಕೇಳಿ ನಾವು ಕಣ್ಣೀರು ತರುತ್ತೇವೆ. ಚಮ್ಮಾವುಗೆಯ ಹೆಸರು ಬಂದರೆ ಕೈ ಮುಗಿಯುತ್ತೇವೆ. ಒಳ್ಳೆಯದೇ. ಆದರೆ ಅದೇ ಉಳಿಯನ್ನು ಹಿಡಿದು ಬೀದಿಯ ಬದಿಯಲ್ಲಿ ಕುಳಿತವನನ್ನು ಏಕವಚನದಿಂದ ಕರೆದು, ಅವನ ಕೂಲಿಯಲ್ಲಿ ಹತ್ತು ರೂಪಾಯಿ ಮುರಿದುಕೊಂಡು ಬಂದರೆ, ಆ ಕೈ ಮುಗಿದುದಕ್ಕೆ ಅರ್ಥವೇನು ಉಳಿಯಿತು? ಅಸ್ಪೃಶ್ಯತೆಯು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯಿಂದ ರದ್ದಾಯಿತು. ಕಾಯಿದೆಯು ಮುಟ್ಟಬಾರದೆಂಬ ಮಾತನ್ನು ನಿಲ್ಲಿಸಬಲ್ಲುದು. ಗೌರವದಿಂದ ಮಾತನಾಡಿಸುವುದನ್ನು ನಾವೇ ಕಲಿಯಬೇಕು. ತಂದೆಗೆ ಸಿಕ್ಕ ಅವಮಾನವನ್ನು ಕಂಡ ಮಗನು ಉಳಿಯನ್ನು ಮುಟ್ಟಲೊಲ್ಲನು. ಅದರಲ್ಲಿ ಅವನ ತಪ್ಪೇನೂ ಇಲ್ಲ. ಕುಲದಿಂದ ಬಂದುದೆಂದು ಯಾರ ಮೇಲೂ ಈ ಕಾಯಕವನ್ನು ಹೇರತಕ್ಕದ್ದಲ್ಲ. ಮನಸ್ಸುಳ್ಳವರು ಯಾವ ಕುಲದವರಾದರೂ ಕಲಿಯಲಿ. ಕಾಯಕಕ್ಕೆ ಕುಲವಿಲ್ಲವೆಂಬ ಮಾತು ನಿಜವಾಗುವುದು ಆಗಲೇ.

ಆದುದರಿಂದ ಶ್ರೀಮಠದ ಸದ್ಭಕ್ತರಲ್ಲಿ ನನ್ನ ವಿಜ್ಞಾಪನೆಯಿದು. ಪಟ್ಟಿಯೊಂದನ್ನು ಕೊಳ್ಳುವ ಪ್ರಸಂಗ ಬಂದರೆ ಹೊಲಿಯುವವರ ಬಳಿಗೆ ಹೋಗಿರಿ. ಮೊದಲು ಹಿಂಬದಿಯನ್ನು ತಿರುವಿ ನೋಡಿರಿ. ಯಾರೂ ಕಾಣದ ಆ ಬದಿಯಲ್ಲಿಯೂ ಸಾಲು ನೆಟ್ಟಗಿದ್ದರೆ, ಅಲ್ಲಿ ಒಬ್ಬ ಕಾಯಕಜೀವಿಯು ಕುಳಿತಿದ್ದಾನೆಂದು ತಿಳಿಯಿರಿ. ಅವರು ಹೇಳಿದ ಬೆಲೆಯನ್ನು ಕೊಟ್ಟು, ಹೊರಡುವಾಗ ಶರಣೆನ್ನಿರಿ. ಅವರು ಒಮ್ಮೆ ಶರಣೆಂದರೆ ನೀವು ಎರಡು ಸಲ ಶರಣೆನ್ನಿರಿ. ಅದು ಕಲ್ಯಾಣದಿಂದ ನಮಗೆ ಬಂದ ಪದ್ಧತಿ.

ಶರಣು ಶರಣಾರ್ಥಿ.