ಮದ್ದಿನ ಧಾರೆ ಗಾಳಿಯಲ್ಲಿ ಹನಿಯಾಗುವ ಬಗೆ



ಟೊಮೇಟೊ ಬೆಳೆಗೆ ಹೊಡೆದ ಕೀಟನಾಶಕ ಬೇಲಿ ದಾಟಿ ನೆರೆಯವರ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಏನಾಗುತ್ತದೆಂಬುದು ನಿಮಗೆ ಗೊತ್ತೇ ಇದೆ. ನಾಲ್ಕು ಜ್ವರ ದಾಟಿ ಹಣ್ಣಾಗಬೇಕಾದ ರೇಷ್ಮೆಹುಳು ತಟ್ಟೆಯಲ್ಲೇ ಸಾಯುತ್ತದೆ. ಅವರ ಒಂದು ಬೆಳೆ ಹೋಯಿತು, ನೆರೆಹೊರೆಯ ಸ್ನೇಹವೂ ಹೋಯಿತು. ಮದ್ದು ಬೇಲಿ ದಾಟುವುದಾದರೂ ಹೇಗೆ?

ಬೆನ್ನಿಗೆ ಹೊರುವ ಎಂಜಿನ್ ಪಂಪಿನಲ್ಲಿ ಮದ್ದಿನ ಧಾರೆಯನ್ನು ಒಡೆಯುವುದು ಗಾಳಿ. ನಮ್ಮ ಕಣ್ಣಿಗೆ ಬರೀ ಮಂಜು ಕಾಣುತ್ತದೆ. ಸೆಕೆಂಡಿಗೆ 20 ಮೀಟರು ಓಡುವ ಹನಿ, ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲೇ 2 ಸೆಂಟಿಮೀಟರು ಸರಿದುಬಿಡುತ್ತದೆ. ಅದಕ್ಕೇ ವಿಜ್ಞಾನಿಗಳು ಧಾರೆಯ ಹಿಂದಿನಿಂದ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಮಾತ್ರ ಬೆಳಕು ಮಿಂಚಿಸಿ ಅದರ ನೆರಳಿನ ಚಿತ್ರ ಹಿಡಿಯುತ್ತಾರೆ. ಆಗ ಹನಿ ಸರಿಯುವುದು 0.02 ಮಿಲಿಮೀಟರು ಅಷ್ಟೇ, ಚಿತ್ರ ಸ್ಪಷ್ಟ.

ಚಿತ್ರದಲ್ಲಿ ಕಾಣುವುದೇನು? ಅಡ್ಡ ಗಾಳಿಗೆ ಧಾರೆ ಬಾಗುತ್ತದೆ, ಮೈಮೇಲೆ ಅಲೆ ಏಳುತ್ತದೆ. ಗಾಳಿಯ ಬಿರುಸು ಒಂದು ಮಟ್ಟಕ್ಕೆ ಬಂದಾಗ ಅದು ಅಲ್ಲಲ್ಲಿ ಚಪ್ಪಟೆಯಾಗಿ ಚೀಲದಂತೆ ಉಬ್ಬಿ ಒಡೆಯುತ್ತದೆ. ಚೀಲದ ತೆಳು ಪೊರೆ ಸಣ್ಣ ಹನಿಯಾದರೆ, ದಪ್ಪ ಅಂಚು ದೊಡ್ಡ ಹನಿಯಾಗುತ್ತದೆ. ಗಾಳಿ ಇನ್ನೂ ಬಿರುಸಾದರೆ ಧಾರೆಯ ಮೈಯನ್ನೇ ಎಳೆ ಎಳೆಯಾಗಿ ಕಿತ್ತು ಪುಡಿಮಾಡುತ್ತದೆ.

ಸಣ್ಣ ಹನಿ ಎಲೆಯನ್ನು ಚೆನ್ನಾಗಿ ಮುಚ್ಚುತ್ತದೆ, ನಿಜ. ಆದರೆ ಲೆಕ್ಕ ನೋಡಿ. 0.2 ಮಿಲಿಮೀಟರಿನ ಹನಿ ಒಂದು ಮೀಟರು ಇಳಿಯಲು ಒಂದೂವರೆ ಸೆಕೆಂಡು ಸಾಕು. 0.05 ಮಿಲಿಮೀಟರಿನದಕ್ಕೆ ಸುಮಾರು 14 ಸೆಕೆಂಡು ಬೇಕು. ಗಾಳಿ ಸೆಕೆಂಡಿಗೆ 2 ಮೀಟರು ಬೀಸುತ್ತಿದ್ದರೆ ದೊಡ್ಡದು 3 ಮೀಟರಿನಲ್ಲಿ ನೆಲ ಸೇರುತ್ತದೆ; ಸಣ್ಣದು 28 ಮೀಟರು ತೇಲಿಹೋಗುತ್ತದೆ. ಬೇಲಿ ದಾಟುವ ಕಳ್ಳ ಇವನೇ!

ಈಗ ನೀವು ಮಾಡಬೇಕಾದ್ದು ಇಷ್ಟು. ಹಿಪ್ಪುನೇರಳೆಯ ಕಡೆಯಿಂದ ನಿಮ್ಮ ಹೊಲದತ್ತ ಗಾಳಿ ಮೆಲ್ಲಗೆ ಬೀಸುವಾಗ ಮಾತ್ರ ಹೊಡೆಯಿರಿ. ಗಾಳಿ ತಿರುಗಿತೇ, ನಿಲ್ಲಿಸಿಬಿಡಿ. ಬೇಲಿ ಬದಿಯ ಸಾಲುಗಳಿಗೆ ಎಂಜಿನ್ ಪಂಪು ಬೇಡ. ದಪ್ಪ ಹನಿ ಕೊಡುವ ನಾಜಲ್ ಹಾಕಿ, ಕೈಪಂಪಿನಿಂದ ಕಡಿಮೆ ಒತ್ತಡದಲ್ಲಿ ಹೊಡೆಯಿರಿ. ನೀರು ತಾಕಿದರೆ ನೀಲಿಯಾಗುವ ಹಳದಿ ಪರೀಕ್ಷಾ ಕಾಗದ ಸಿಗುತ್ತದೆ. ಅದನ್ನು ಬೇಲಿಗೆ ಸಿಕ್ಕಿಸಿ, ಮೊದಲು ಬರೀ ನೀರು ಹೊಡೆದು ನೋಡಿ. ನೀಲಿ ಚುಕ್ಕೆ ಬಿತ್ತೆಂದರೆ ಮದ್ದೂ ಅಲ್ಲಿಗೆ ಹೋಗುತ್ತದೆ. ಚುಕ್ಕೆ ಕಾಣದಿದ್ದರೂ ಮೈಮರೆಯಬೇಡಿ, ತೀರ ಸಣ್ಣ ಹನಿ ಕಾಗದದ ಮೇಲೆ ಗುರುತು ಬಿಡದೆಯೂ ಹೋಗಬಹುದು.

ಹೊಡೆಯುವ ಹಿಂದಿನ ದಿನ ನೆರೆಯವರಿಗೆ ಒಂದು ಮಾತು ತಿಳಿಸಿ. ಸೊಪ್ಪು ಮೊದಲೇ ಕೊಯ್ದಿಟ್ಟುಕೊಳ್ಳಲು ಅವರಿಗೂ ಅನುಕೂಲವಾದೀತು.