ಕಂಬದ ಹಿಂದಿನ ಸೀಟಿಗೆ ಮಾಲೀಕರು ಯಾರು?

ಆನೆಕೊಂಡದ ನಮ್ಮ ಮನೆ ಮಹಡಿ ಮೇಲಿನ ರೂಮಿಂದ ಮಾತಾಡ್ತಾ ಇದೀನಿ. ಮಧ್ಯೆ ಮಧ್ಯೆ ಆಟೋ ಸದ್ದು ಬಂದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಇವತ್ತಿನ ಮಾತು ಒಂದು ಕಂಬದ ಬಗ್ಗೆ.

ನಮ್ಮಪ್ಪ ಹರಿಹರದ ಒಂದು ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. 1983ರ ಫೈನಲ್ ಅನ್ನ ರೇಡಿಯೋದಲ್ಲಿ ಕೇಳಿದವರು. 1996ರಲ್ಲಿ ಬೆಂಗಳೂರಲ್ಲಿ ನಡೆದ ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲ್‌ನ ಪಕ್ಕದ ಮನೆ ಟಿವಿಯಲ್ಲಿ, ಕಿಟಕಿ ಹತ್ರ ನಿಂತು ನೋಡಿದವರು. ನಮ್ಮೂರ ವಿನಯ್ ಕುಮಾರ್ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟಾಗ ಬೀದಿಗೆಲ್ಲಾ ಪೇಡೆ ಹಂಚಿದವರು. ಆದ್ರೆ ಒಂದು ದೊಡ್ಡ ಸ್ಟೇಡಿಯಂ ಒಳಗೆ ಅವರು ಯಾವತ್ತೂ ಕಾಲಿಟ್ಟಿರಲಿಲ್ಲ. ಹಂಗಾಗಿ ನಾನು ಎರಡು ಐಪಿಎಲ್ ಟಿಕೆಟ್ ಬುಕ್ ಮಾಡ್ದೆ. ಒಂದೊಂದಕ್ಕೂ ಮೂರು ಸಾವಿರದ ಮೇಲೆ. ಯಾವ ಊರು, ಯಾವ ಸ್ಟೇಡಿಯಂ ಅಂತ ಹೇಳಲ್ಲ. ಹೇಳಿದ್ರೆ ಮಾತೆಲ್ಲಾ ಆ ಒಂದು ಕಡೆಗೇ ಹೋಗುತ್ತೆ, ಉಳಿದವರು ಬಚಾವಾಗ್ತಾರೆ.

ರಾತ್ರಿ ಟ್ರೈನ್ ಹತ್ತಿ ಹೋದ್ವಿ. ಗೇಟಲ್ಲಿ ನೀರಿನ ಬಾಟಲಿ ಕಿತ್ಕೊಂಡ್ರು. ಅಪ್ಪ ಬಿಪಿ ಮಾತ್ರೆ ತಗೋಬೇಕು ಅಂದ್ರೆ, ಒಳಗೆ ಸಿಗುತ್ತೆ ಹೋಗಿ ಅಂದ್ರು. ಸಿಕ್ತು, ಅವರು ಹೇಳಿದ ರೇಟಿಗೆ. ಸೀಟು ಹುಡುಕ್ಕೊಂಡು ಹೋದ್ರೆ ಅದರ ಮೇಲೆ ಪಾರಿವಾಳದ ಹಿಕ್ಕೆ ಒಣಗಿ ಕೂತಿತ್ತು. ಕರ್ಚೀಫ್ ಹಾಸಿದ್ವಿ. ಕೂತ ಮೇಲೆ ಗೊತ್ತಾಯ್ತು, ಚಾವಣಿ ಹೊತ್ತ ಕಬ್ಬಿಣದ ಕಂಬ ಸರಿಯಾಗಿ ನಮ್ಮೆದುರಿಗೇ ಇದೆ. ಬೌಲರ್ ಓಡಿ ಬರೋದು ಕಾಣುತ್ತೆ, ಆಮೇಲೆ ಕಂಬ, ಆಮೇಲೆ ಬಾಲು ಬೌಂಡರಿ ಕಡೆ ಹೋಗ್ತಿರುತ್ತೆ. ಬ್ಯಾಟ್ಸ್‌ಮನ್ ಏನು ಮಾಡಿದ ಅನ್ನೋದು ಜನರ ಕೂಗು ಕೇಳಿ ತಿಳ್ಕೋಬೇಕು. ರೇಡಿಯೋ ಕಾಲಕ್ಕೇ ವಾಪಸ್ ಹೋದಂಗೆ. ಅಲ್ಲಿದ್ದ ಸ್ಟಾಫ್ ಹುಡುಗನ್ನ ಕೇಳಿದ್ರೆ, 'ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್' ಅಂದ. ಪಾಪ, ಅವನ ತಪ್ಪಲ್ಲ.

ಹತ್ತು ಓವರ್ ಆದ ಮೇಲೆ ಅಪ್ಪ ದೊಡ್ಡ ಸ್ಕ್ರೀನ್ ನೋಡ್ತಾ ಕೂತ್ರು. ಆಟ ಮುಗಿದು ಹೊರಗೆ ಬರುವಾಗ, ಬೇಜಾರಿಂದಲ್ಲ, ಸುಮ್ನೆ ಹೇಳಿದ್ರು: 'ಟಿವಿನಾಗೇ ಚೆಂದ ಕಾಣ್ತಿತ್ತಲ್ಲೋ.'

ಆ ಮಾತು ನನಗೆ ಬಹಳ ದಿನ ಕೊರೀತು. ನಾನು ಬಿ.ಕಾಂ. ಓದಿದವನು, ಹಂಗಾಗಿ ಲೆಕ್ಕ ಹಾಕೋಕೆ ಕೂತೆ.

ನಮ್ಮ ದಾವಣಗೆರೆ ಟಾಕೀಸುಗಳಲ್ಲಿ ಗಾಂಧಿ ಕ್ಲಾಸ್ ಅಂತ ಇತ್ತು. ಪರದೆಗೆ ಅಂಟಿಕೊಂಡ ಬೆಂಚು, ಕತ್ತು ಎತ್ತಿ ನೋಡಬೇಕು. ಆದ್ರೆ ಅದಕ್ಕೆ ಗಾಂಧಿ ಕ್ಲಾಸ್ ದುಡ್ಡೇ ತಗೋತಿದ್ರು, ಕೊಡೋನಿಗೂ ಏನು ಸಿಗುತ್ತೆ ಅಂತ ಗೊತ್ತಿತ್ತು. ಇಂಗ್ಲೆಂಡಿನ ಹಳೇ ಮೈದಾನಗಳಲ್ಲೂ ಕಂಬಗಳಿವೆ. ಅಲ್ಲಿ ಇಂಥ ಸೀಟನ್ನ 'ನೋಟಕ್ಕೆ ಅಡ್ಡಿ ಇದೆ' ಅಂತ ಟಿಕೆಟ್ ಮೇಲೇ ಬರೆದು, ಸಾಮಾನ್ಯವಾಗಿ ಕಡಿಮೆ ಬೆಲೆಗೆ ಮಾರ್ತಾರೆ. ಕಂಬ ಇರೋದು ಅಪರಾಧ ಅಂತ ನಾನು ಹೇಳ್ತಿಲ್ಲ. ನಾನು ಬುಕ್ ಮಾಡಿದ ಆ್ಯಪ್‌ನ ಸೀಟ್ ನಕ್ಷೆಯಲ್ಲಿ ಆ ಸ್ಟ್ಯಾಂಡ್ ಪೂರ್ತಿ ನೀಲಿ ಬಣ್ಣ, ಎಲ್ಲಾ ಸೀಟಿಗೂ ಒಂದೇ ರೇಟು. ಕಂಬದ ಸುಳಿವೇ ಇರಲಿಲ್ಲ. ಗಾಂಧಿ ಕ್ಲಾಸ್ ಸೀಟನ್ನ ಬಾಲ್ಕನಿ ರೇಟಿಗೆ ಮಾರಿದ್ರು, ಅಷ್ಟೇ.

ಈಗ ಅಸಲಿ ಲೆಕ್ಕ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಾಟ ಆಗಿದ್ದು 48,390 ಕೋಟಿ ರೂಪಾಯಿಗೆ. ಪಂದ್ಯಕ್ಕೆ ಹೆಚ್ಚುಕಡಿಮೆ 118 ಕೋಟಿ. ಇನ್ನೊಂದು ಕಡೆ, ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, 35 ಸಾವಿರ ಜನ ತಲಾ ಮೂರು ಸಾವಿರ ಕೊಟ್ರೆ ಹತ್ತೂವರೆ ಕೋಟಿ. ಅಂಗಡಿಗೆ ಇಬ್ಬರು ಗಿರಾಕಿ ಬಂದ್ರೆ, ಒಬ್ಬ 118 ಕೊಡ್ತಾನೆ, ಇನ್ನೊಬ್ಬ ಹತ್ತು. ಯಾರಿಗೆ ಕುರ್ಚಿ ಒರೆಸಿ ಕೊಡ್ತಾರೆ?

ಆದ್ರೆ ಹತ್ತು ಕೊಡೋನು ಬರದೇ ಇದ್ರೆ ಏನಾಗುತ್ತೆ ಅಂತ 2020ರಲ್ಲಿ ನೋಡಿದ್ವಿ. ಕೋವಿಡ್ ಸಮಯ, ಯುಎಇಯಲ್ಲಿ ಖಾಲಿ ಮೈದಾನದಲ್ಲಿ ಐಪಿಎಲ್. ಟಿವಿಯವರು ಜನರ ಗದ್ದಲವನ್ನ ರೆಕಾರ್ಡ್ ಹಾಕಿ ಕೇಳಿಸಿದ್ರು. ಅಂದ್ರೆ ನಮ್ಮ ಕೂಗು, ಶಿಳ್ಳೆ, ಬಾವುಟ ಎಲ್ಲಾ ಅವರು ಮಾರೋ ಮಾಲಿನ ಭಾಗ. ಕಾಸ್ಟಿಂಗ್ ಪೇಪರ್‌ನಲ್ಲಿ ಇದನ್ನ ಕಚ್ಚಾ ಮಾಲು ಅಂತೀವಿ. ಕಚ್ಚಾ ಮಾಲೇ ದುಡ್ಡು ಕೊಟ್ಟು ಫ್ಯಾಕ್ಟರಿಗೆ ಬರೋದನ್ನ ನಾನು ಇನ್ನೆಲ್ಲೂ ನೋಡಿಲ್ಲ. ಮೇಲೆ ತೆರಿಗೆ ಬೇರೆ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್‌ಗೆ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿತು. ಸಾವಿರದ ಟಿಕೆಟ್ಟು 1,400. ಕ್ಯಾಸಿನೊ, ಕುದುರೆ ರೇಸು ಇರೋ ಸಾಲಿನಲ್ಲಿ ನಮ್ಮಪ್ಪನ ಕ್ರಿಕೆಟ್.

ಸರಿ, ದೂರು ಕೊಡೋಣ ಅಂದ್ರೆ ಯಾರಿಗೆ? ಲೀಗ್ ಬಿಸಿಸಿಐದು. ಟಿಕೆಟ್ ಮಾರೋದು ಫ್ರಾಂಚೈಸಿ. ಕೊಡೋದು ಆ್ಯಪ್. ಸ್ಟೇಡಿಯಂ ರಾಜ್ಯ ಸಂಸ್ಥೆ ಕೈಲಿ. ಗೇಟಿನ ಹೊರಗೆ ಪೊಲೀಸ್. ನಾನು ಫೋನ್ ಮಾಡಿದಾಗ ಪ್ರತಿಯೊಬ್ಬರೂ ಬಹಳ ಮರ್ಯಾದೆಯಿಂದ ಇನ್ನೊಬ್ಬರ ನಂಬರ್ ಕೊಟ್ರು. ಮಾರೋಕೆ ಐದು ಕೈ ಇದಾವೆ, ಆ ಸೀಟಿಗೆ ಮಾಲೀಕರು ಅಂತ ಒಬ್ಬರೂ ಇಲ್ಲ.

ಇದು ಬರೀ ಬೆನ್ನುನೋವಿನ ವಿಷಯ ಆಗಿದ್ರೆ ನಾನು ಇಷ್ಟು ಮಾತಾಡ್ತಿರಲಿಲ್ಲ.

2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಗೆಲ್ತು. ಇಲ್ಲೂ ಪಟಾಕಿ ಹೊಡೆದ್ವಿ. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ರ ಕಾಲ್ತುಳಿತ ಆಗಿ 11 ಜನ ಸತ್ತರು. ಒಳಗೆ ಬಿಡೋಕೆ ಪಾಸ್ ಬೇಕಾ ಬೇಡ್ವಾ ಅನ್ನೋದೇ ಬಂದವರಿಗೆ ಸ್ಪಷ್ಟ ಇರಲಿಲ್ಲ. ಆಮೇಲೆ ಏನಾಯ್ತು? ಸರ್ಕಾರ, ಪೊಲೀಸ್, ಕೆಎಸ್‌ಸಿಎ, ಆರ್‌ಸಿಬಿ, ಕಾರ್ಯಕ್ರಮ ನಡೆಸಿದ ಡಿಎನ್‌ಎ ಕಂಪನಿ, ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದ್ರು. ನನ್ನ ಕಂಬಕ್ಕೆ ಸಿಕ್ಕ ಉತ್ತರದ ಧಾಟೀನೇ. ಒಪ್ತೀನಿ, ಅವತ್ತು ಬಂದವರು ಟಿಕೆಟ್ ಕೊಂಡವರಲ್ಲ, ಅದು ಪಂದ್ಯವೂ ಅಲ್ಲ. ಆದ್ರೆ ಗೇಟು ಅದೇ ಗೇಟು. ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹ ಆಯೋಗ ಜುಲೈನಲ್ಲಿ ಕೊಟ್ಟ ವರದಿಯಲ್ಲಿ, ಈ ಸ್ಟೇಡಿಯಂನ ವಿನ್ಯಾಸವೇ ಭಾರಿ ಜನ ಸೇರೋದಕ್ಕೆ ಸುರಕ್ಷಿತ ಅಲ್ಲ ಅಂತ ಹೇಳಿತು. ಜನ ಫುಟ್‌ಪಾತ್ ಮೇಲೆ, ರಸ್ತೆ ಮೇಲೆ ಸಾಲು ನಿಲ್ಲಬೇಕಾದ ಸ್ಥಿತಿ ಇದೆ ಅಂತ ಹೇಳಿತು. ಅಲ್ಲಿ ಟಿಕೆಟ್ ಹಿಡ್ಕೊಂಡು ಹಂಗೆ ನಿಂತವರಿಗೆ ಇದು ಹೊಸ ವಿಷಯ ಏನಲ್ಲ. ಆಗಸ್ಟ್‌ನಲ್ಲಿ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿಂದ ನವಿ ಮುಂಬೈಗೆ ಹೋದವು.

ಅದೇ ಚಿನ್ನಸ್ವಾಮಿಯ ಹುಲ್ಲಿನ ಕಥೆ ಕೇಳಿ. 2017ರಲ್ಲಿ ಅಲ್ಲಿ ನೆಲದ ಕೆಳಗೆ ಸಬ್ಏರ್ ಅನ್ನೋ ವ್ಯವಸ್ಥೆ ಹಾಕಿದ್ರು. ಮಳೆ ನೀರನ್ನ ಮಶಿನ್ ಇಟ್ಟು ಹೀರಿ ತೆಗೆಯುತ್ತೆ, ನಿಮಿಷಕ್ಕೆ 10,000 ಲೀಟರ್ ತನಕ. ಜಗತ್ತಲ್ಲೇ ಇದನ್ನ ಹಾಕಿದ ಮೊದಲ ಕ್ರಿಕೆಟ್ ಮೈದಾನ. ಹೆಮ್ಮೆ ಪಡೋ ವಿಷಯಾನೇ, ನಾನೂ ಪಟ್ಟಿದ್ದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟ ಶುರು ಆದ್ರೆ ಪ್ರಸಾರ ಉಳಿಯುತ್ತೆ, ಜಾಹೀರಾತು ಉಳಿಯುತ್ತೆ, ಹಂಗಾಗಿ ಹುಲ್ಲಿನ ಮೇಲೆ ದುಡ್ಡು ಹಾಕೋಕೆ ಕಾರಣ ಇದೆ. ಗೇಟು ಅಗಲ ಮಾಡಿದ್ರೆ ಯಾವ ಆದಾಯವೂ ಹೆಚ್ಚಾಗಲ್ಲ.

ಎಲ್ಲಾ ಕೆಟ್ಟದ್ದೇ ಅಂತಲ್ಲ. 2023ರ ವಿಶ್ವಕಪ್‌ನಲ್ಲಿ ಪ್ರೇಕ್ಷಕರಿಗೆ ಕುಡಿಯೋ ನೀರು ಉಚಿತ ಅಂತ ಬಿಸಿಸಿಐ ಘೋಷಿಸ್ತು. 2025ರ ಮೇ 17ರಂದು ಬೆಂಗಳೂರಲ್ಲಿ ಒಂದೂ ಬಾಲ್ ಹಾಕದೆ ಮಳೆಗೆ ಪಂದ್ಯ ಹೋದಾಗ ಆರ್‌ಸಿಬಿ ಪೂರ್ತಿ ದುಡ್ಡು ವಾಪಸ್ ಕೊಡ್ತೀವಿ ಅಂತು. 2025ರ ಡಿಸೆಂಬರ್‌ನಲ್ಲಿ ಕೆಎಸ್‌ಸಿಎಗೆ ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾದ್ರು. ಅವರ ಮೇಲೆ ನನಗೆ ಗೌರವ ಇದೆ, 1996ರ ಆ ರಾತ್ರಿ ನಮ್ಮಪ್ಪನಿಗಂತೂ ಇನ್ನೂ ಇದೆ. ಆದ್ರೆ ಅವರನ್ನ ಆರಿಸಿದ್ದು ಸಂಸ್ಥೆಯ ಸದಸ್ಯರು. ಟಿಕೆಟ್ ಕೊಂಡವರಿಗೆ ಅಲ್ಲಿ ವೋಟಿಲ್ಲ.

ವೋಟಿಲ್ಲದವರು ಏನು ಮಾಡಬಹುದು? 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬು ಟಿಕೆಟ್ ದರವನ್ನ 77 ಪೌಂಡಿಗೆ ಏರಿಸ್ತೀವಿ ಅಂತು. ಸರಿಯಾಗಿ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಗೆ ನಡೆದ್ರು. ಕೆಲವೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ಏರಿಕೆ ಕೈಬಿಟ್ರು. ನಾವು ಹಂಗೆ ಎದ್ದು ಹೋಗ್ತೀವಾ? ಕೊಹ್ಲಿ ಬ್ಯಾಟಿಂಗ್ ಆಡ್ತಿದ್ರೆ ನಾನಂತೂ ಹೋಗಲ್ಲ, ಸುಳ್ಳು ಯಾಕೆ ಹೇಳ್ಲಿ.

ಆದ್ರೆ ಎದ್ದು ಹೋಗದೇ ಮಾಡೋ ಕೆಲಸ ಒಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ಸೇವೆ ಪಡೆದವನು ಗ್ರಾಹಕ. ಪಂದ್ಯ ಎಲ್ಲೇ ನಡೆದಿರಲಿ, ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು. ಅಂದ್ರೆ ದಾವಣಗೆರೆ ಜಿಲ್ಲಾ ಗ್ರಾಹಕರ ಆಯೋಗದಲ್ಲೇ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಮೊದಲು ವಿಚಾರಿಸೋದಾದ್ರೆ 1915ಕ್ಕೆ ಫೋನ್ ಮಾಡಿ. ಟಿಕೆಟ್ಟು, ದುಡ್ಡು ಕಟ್ಟಿದ ರಸೀದಿ, ಬುಕ್ ಮಾಡುವಾಗಿನ ಸೀಟ್ ನಕ್ಷೆಯ ಸ್ಕ್ರೀನ್‌ಶಾಟ್, ಸೀಟಲ್ಲಿ ಕೂತು ಕಣ್ಣಿನ ಎತ್ತರದಿಂದ ತೆಗೆದ ಫೋಟೋ, ಇಷ್ಟು ಜೋಪಾನವಾಗಿ ಇಟ್ಕೊಳ್ಳಿ. ಮತ್ತೆ ದೂರಿನಲ್ಲಿ ಒಬ್ಬರನ್ನೇ ಹೆಸರಿಸಬೇಡಿ. ಮಾರಿದವರು, ಟಿಕೆಟ್ ಕೊಟ್ಟವರು, ಜಾಗ ಕೊಟ್ಟವರು ಎಲ್ಲರನ್ನೂ ಎದುರುದಾರರು ಅಂತ ಸೇರಿಸಿ. ಆ ಸೀಟು ಯಾರದು ಅಂತ ಅವರವರೇ ಅಲ್ಲಿ ತೀರ್ಮಾನ ಮಾಡ್ಕೊಳ್ಳಲಿ.

ನಾನು ಹಾಕಿಲ್ಲ. ಕಂಬದ ಫೋಟೋ ಇದೆ, ನಕ್ಷೆಯ ಸ್ಕ್ರೀನ್‌ಶಾಟ್ ಇಲ್ಲ. ಬಿ.ಕಾಂ. ಓದಿಯೂ ವೋಚರ್ ಇಟ್ಕೊಂಡಿಲ್ಲ ಅಂತ ನಗಬೇಡಿ. ನಿಮ್ಮ ಸೀಟಿಂದ ಏನು ಕಂಡಿತ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ. ಅಪ್ಪನ್ನ ಇನ್ನೊಂದು ಸಲ ಕರೆದೆ. ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಿ ಇದ್ರೆ ಹೇಳು, ಬರ್ತೀನಿ ಅಂದ್ರು.